ಅರ್ಧ ಗಂಟೆಯಲ್ಲಿ ನೂಡಲ್ಸ್ ಊಟ



ನಮ್ಮ ಕಲಿಕಾ ಕೇಂದ್ರ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿದೆ. ಸಂಜೆ ಆರೂವರೆಗೆ ಪಾಠ ಶುರು. ಎಂಟು ಗಂಟೆಗೆ ಮುಗಿಯುತ್ತದೆ. ಏಳೂವರೆ ಆಯಿತು ಅಂದರೆ ಸಾಕು, ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಮನೆಗೆ ಹೋಗಬೇಕು. ಒಲೆ ಹಚ್ಚಬೇಕು. ಮಕ್ಕಳು ಹಸಿದು ಕೂತಿರುತ್ತಾರೆ.

ಒಂದು ದಿನ ಒಬ್ಬ ಅಕ್ಕ ನನ್ನನ್ನು ಕೇಳಿದರು. ಅವರು ಬಸವನಗುಡಿಯಲ್ಲಿ ಮೂರು ಮನೆಗಳ ಕೆಲಸ ಮಾಡುತ್ತಾರೆ.

"ಟೀಚರೇ, ಕೆಲಸದ ಮನೇಲಿ ಮಕ್ಕಳಿಗೆ ನಾನೇ ನೂಡಲ್ಸ್ ಮಾಡಿ ಕೊಡ್ತೀನಿ. ನನ್ನ ಮಗಳು ಕೇಳ್ತಾಳೆ, ಅಮ್ಮಾ ನಮ್ಮನೇಲಿ ಯಾವಾಗ ಅಂತ. ಅವಳಿಗೆ ಚಿಕನ್ ಬೇಕು, ಸೀಗಡಿ ಬೇಕು. ಗಾಡೀಲಿ ಒಂದು ಪ್ಲೇಟ್ ತಗೊಂಡ್ರೆ ಮೂರು ಮಕ್ಕಳಿಗೆ ಸಾಲಲ್ಲ. ಮೂರು ಪ್ಲೇಟ್ ತಗೊಳ್ಳೋಕೆ ನನ್ನ ಕೈಲಾಗಲ್ಲ. ಮನೇಲಿ ಬೇಗ ಮಾಡೋದು ಹೇಗೆ, ಹೇಳ್ಕೊಡಿ."

ಪಕ್ಕದಲ್ಲಿದ್ದವರು ನಕ್ಕರು. "ಅದು ಚೀನಾದವರ ಊಟ ಕಣೇ. ನಮಗೆಲ್ಲಿ ಬರುತ್ತೆ?" ಅಂದರು.

ಮೂಲೆಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಅವರಿಗೆ ಕೋಪ ಬಂತು. "ಯಾಕೆ ಬರಲ್ಲ? ಶಾವಿಗೆ ತಾನೇ ಅದು! ನಾನು ಒತ್ತದೇ ಇರೋ ಶಾವಿಗೇನಾ?"

ಅಜ್ಜಿ ಹೇಳಿದ್ದು ಸರಿ. ಹಿಟ್ಟನ್ನು ಎಳೆ ಮಾಡಿ ಬೇಯಿಸಿದರೆ ನೂಡಲ್ಸ್. ನಮ್ಮ ಕಡೆ ನೆಂಟರು ಬಂದರೆ ಒತ್ತು ಶಾವಿಗೆ, ಕೋಳಿ ಸಾರು ಮಾಡುತ್ತೇವೆ. ಕೊಡಗಿನವರು ಅದನ್ನೇ ನೂಪುಟ್ಟು ಅನ್ನುತ್ತಾರೆ. ಕರಾವಳಿಯಲ್ಲಿ ಸೇಮಿಗೆ ಅನ್ನುತ್ತಾರೆ. ಅಲ್ಲಿ ಕೋಳಿ ಸಾರೂ ಆಗುತ್ತದೆ, ಮೀನು ಸಾರೂ ಆಗುತ್ತದೆ. ಶಾವಿಗೆ ನಮಗೆ ಹೊಸದಲ್ಲ. ಸುಮಾರು 1025ರಲ್ಲಿ ಚಾವುಂಡರಾಯ ಎಂಬುವರು ಕನ್ನಡದಲ್ಲಿ 'ಲೋಕೋಪಕಾರ' ಎಂಬ ಪುಸ್ತಕ ಬರೆದರು. ಅದರಲ್ಲಿ ಶಾವಿಗೆ ಮಾಡುವ ಬಗೆ ಇದೆ. ಒತ್ತುವ ಅಚ್ಚಿನ ಮಾತೂ ಇದೆ. ಅಂದರೆ ಸಾವಿರ ವರ್ಷದ ಹಿಂದೆಯೇ ಕನ್ನಡದ ಅಡುಗೆಮನೆಯಲ್ಲಿ ಶಾವಿಗೆ ಇತ್ತು.

ಚೀನಾದಲ್ಲಿ ಇದು ಇನ್ನೂ ಹಳೆಯದು. ಅಲ್ಲಿ ಲಾಜಿಯಾ ಎಂಬ ಜಾಗವಿದೆ. ಅಲ್ಲಿ ನೆಲ ಅಗೆದಾಗ ಬೋರಲು ಬಿದ್ದ ಒಂದು ಮಣ್ಣಿನ ಬಟ್ಟಲು ಸಿಕ್ಕಿತು. ಅದರ ಕೆಳಗೆ ನೂಡಲ್ಸ್ ಎಳೆಗಳು ಇದ್ದವು. ಅವು ಸುಮಾರು 4000 ವರ್ಷ ಹಳೆಯವು ಎಂದು ವಿಜ್ಞಾನಿಗಳು 2005ರಲ್ಲಿ ತಿಳಿಸಿದರು. ಯಾವ ಹಿಟ್ಟಿನದು ಗೊತ್ತೇ? ನವಣೆ ಮತ್ತು ಬರಗು! ಇದನ್ನು ಹೇಳಿದಾಗ ನಮ್ಮ ಅಜ್ಜಿಗೆ ತುಂಬಾ ಸಂತೋಷವಾಯಿತು. ಅವರ ಅಪ್ಪ ನವಣೆ ಬೆಳೆಯುತ್ತಿದ್ದರಂತೆ.

ಹಾಗಾದರೆ ಪೊಟ್ಟಣದ ನೂಡಲ್ಸ್ ಎರಡೇ ನಿಮಿಷಕ್ಕೆ ಹೇಗೆ ಬೇಯುತ್ತದೆ? ಅದನ್ನು ಕಂಡುಹಿಡಿದವರು ಜಪಾನಿನಲ್ಲಿದ್ದ ಮೊಮೊಫುಕು ಆಂಡೊ. ಎರಡನೇ ಮಹಾಯುದ್ಧ ಮುಗಿದಾಗ ಜಪಾನಿನಲ್ಲಿ ಊಟಕ್ಕೆ ಕಷ್ಟವಿತ್ತು. ಒಂದು ಬಟ್ಟಲು ನೂಡಲ್ಸ್‌ಗಾಗಿ ಜನ ಚಳಿಯಲ್ಲಿ ಸಾಲು ನಿಲ್ಲುತ್ತಿದ್ದರು. ಆಂಡೊ ಅದನ್ನು ಕಂಡಿದ್ದರು. ಮುಂದೆ ಅವರು ಮನೆಯ ಹಿಂದೆ ಒಂದು ಸಣ್ಣ ಗುಡಿಸಲು ಹಾಕಿಕೊಂಡರು. ಅಲ್ಲಿ ದಿನವೂ ಹಿಟ್ಟು, ಎಣ್ಣೆ ಹಿಡಿದು ಪರೀಕ್ಷೆ ಮಾಡಿದರು. 1958ರಲ್ಲಿ ಗೆದ್ದರು. ಬೆಂದ ನೂಡಲ್ಸನ್ನು ಕಾದ ಎಣ್ಣೆಯಲ್ಲಿ ಕರಿದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ನೀರು ಇದ್ದ ಕಡೆ ಸಣ್ಣ ಸಣ್ಣ ತೂತು ಉಳಿಯುತ್ತದೆ. ಮತ್ತೆ ಬಿಸಿನೀರು ಹಾಕಿದಾಗ ಆ ತೂತುಗಳು ನೀರು ಕುಡಿಯುತ್ತವೆ. ನೂಡಲ್ಸ್ ಕೂಡಲೇ ಮೆತ್ತಗಾಗುತ್ತದೆ. ಇಷ್ಟೇ ಗುಟ್ಟು. ಆಮೇಲೆ ಆಂಡೊ ಅವರ ಕಂಪನಿ ನಮ್ಮ ಬೆಂಗಳೂರಿನ ಹತ್ತಿರ ಜಿಗಣಿಗೂ ಬಂತು.

ಆದರೆ ನಾವು ಊಟಕ್ಕೆ ಮಾಡುವುದು ಆ ಕರಿದ ನೂಡಲ್ಸ್ ಅಲ್ಲ. ಅಂಗಡಿಯಲ್ಲಿ 'ಹಕ್ಕಾ ನೂಡಲ್ಸ್' ಅಂತ ಕೇಳಿ. ಅದು ಸಾಮಾನ್ಯವಾಗಿ ಆವಿಯಲ್ಲಿ ಬೇಯಿಸಿ ಒಣಗಿಸಿದ್ದು. ಮಸಾಲೆ ಪೊಟ್ಟಣ ಇರುವುದಿಲ್ಲ. ಉಪ್ಪು ಖಾರ ನಮ್ಮ ಕೈಯಲ್ಲೇ ಇರುತ್ತದೆ.

ಕೊಳ್ಳುವಾಗ ಪೊಟ್ಟಣ ತಿರುಗಿಸಿ ಓದಿ. ಇಲ್ಲಿ ನನಗೊಂದು ಬೇಸರ ಇದೆ. ನಾವು ಇಷ್ಟು ಕಷ್ಟಪಟ್ಟು ಕನ್ನಡ ಅಕ್ಷರ ಕಲಿಯುತ್ತೇವೆ. ಪೊಟ್ಟಣದ ಮೇಲೆ ನೋಡಿದರೆ ಇಂಗ್ಲಿಷ್ ಇರುತ್ತದೆ, ಇಲ್ಲವೇ ಹಿಂದಿ ಇರುತ್ತದೆ. ದೇಶದ ಆಹಾರ ಲೇಬಲ್ ನಿಯಮ ಕೇಳುವುದು ಅವೆರಡರಲ್ಲಿ ಒಂದನ್ನು. ಅದರ ಜೊತೆ ಕನ್ನಡವನ್ನೂ ಹಾಕಬಹುದು. ಹಾಗಂತ ಸುಮ್ಮನಿರಬೇಡಿ. ಅಂಕಿ ನಿಮಗೆ ಬರುತ್ತದಲ್ಲ? ಸಾಮಾನ್ಯವಾಗಿ ಎರಡು ತಾರೀಖು ಇರುತ್ತವೆ. 05/03/25 ಅಂತ ಇದ್ದರೆ ಮೊದಲನೆಯದು ದಿನ, ನಡುವಿನದು ತಿಂಗಳು, ಕೊನೆಯದು ವರ್ಷ. ಎರಡರಲ್ಲಿ ಹಿಂದಿನ ತಾರೀಖು ತಯಾರಾದ ದಿನ. ಮುಂದಿನ ತಾರೀಖು ಬಳಸಲು ಕೊನೆಯ ದಿನ. ಅದು ದಾಟಿದ್ದರೆ ಬೇಡ ಅನ್ನಿ.

ನಮ್ಮ ತರಗತಿಯ ಇನ್ನೊಬ್ಬ ಅಕ್ಕ ಹೀಗೇ ಮಾಡಿದರು. ಅವರು ಹತ್ತು ವರ್ಷದಿಂದ ಒಂದೇ ಅಂಗಡಿಯಲ್ಲಿ ಸಾಮಾನು ತರುತ್ತಾರೆ. ಕೊಟ್ಟಿದ್ದನ್ನು ಚೀಲಕ್ಕೆ ಹಾಕಿಕೊಂಡು ಬರುವುದು ಅಭ್ಯಾಸ. ಆ ದಿನ ತಾರೀಖು ಓದಿದರು. ದಾಟಿ ನಾಲ್ಕು ತಿಂಗಳಾಗಿತ್ತು. ಬೆರಳಿಟ್ಟು ತೋರಿಸಿದರು. ಅಂಗಡಿಯವರು ಅವರ ಮುಖ ನೋಡಿದರು, ಮಾತಾಡದೆ ಬೇರೆ ಪೊಟ್ಟಣ ಕೊಟ್ಟರು. "ಇಷ್ಟು ವರ್ಷ ಏನೇನು ತಿಂದಿದ್ದೀವೋ ಟೀಚರೇ" ಅಂತ ಹೇಳುವಾಗ ಅವರು ನಗುತ್ತಿದ್ದರು. ಆದರೆ ಕಣ್ಣಲ್ಲಿ ನಗು ಇರಲಿಲ್ಲ.

ಪೊಟ್ಟಣದ ಮೇಲೆ ಒಂದು ಗುರುತೂ ಇರುತ್ತದೆ. ಹಸಿರು ಚೌಕದಲ್ಲಿ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ಚೌಕದಲ್ಲಿ ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಇದಕ್ಕೆ ಯಾವ ಭಾಷೆಯೂ ಬೇಡ.

"2015ರಲ್ಲಿ ಮ್ಯಾಗಿ ನಿಲ್ಲಿಸಿದ್ರಲ್ಲ, ಈಗ ತಿನ್ನಬಹುದಾ?" ಅಂತ ಒಬ್ಬರು ಕೇಳಿದರು. ಆ ವರ್ಷ ಜೂನ್‌ನಲ್ಲಿ ಸೀಸ ಹೆಚ್ಚಿದೆ ಎಂದು ಮಾರಾಟ ನಿಲ್ಲಿಸಿದ್ದರು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹೊಸದಾಗಿ ಪರೀಕ್ಷೆ ಮಾಡಿಸಲು ಹೇಳಿತು. ಪರೀಕ್ಷೆಯಲ್ಲಿ ಪಾಸಾಗಿ ನವೆಂಬರ್‌ನಲ್ಲಿ ಮತ್ತೆ ಅಂಗಡಿಗೆ ಬಂತು. ಈಗ ತಿನ್ನಬಹುದು. ದಿನಾ ಬೇಡ.

ನನಗೆ ಹೆಚ್ಚು ಚಿಂತೆ ಇರುವುದು ಬಣ್ಣದ ಬಗ್ಗೆ. ಗಾಡಿಯ ಗೋಬಿ ಮಂಜೂರಿ ಕೆಂಪಗೆ ಹೊಳೆಯುತ್ತದೆ. ಮಕ್ಕಳು ಆ ಕೆಂಪಿಗೇ ಮರುಳಾಗುತ್ತಾರೆ. ನಮ್ಮ ಕರ್ನಾಟಕ ಸರ್ಕಾರ ಮಾದರಿಗಳನ್ನು ತಂದು ಪರೀಕ್ಷೆ ಮಾಡಿಸಿತು. ಬಹಳ ಮಾದರಿಗಳಲ್ಲಿ ಹಾಕಬಾರದ ಬಣ್ಣ ಸಿಕ್ಕಿತು. 2024ರ ಮಾರ್ಚ್‌ನಲ್ಲಿ ಗೋಬಿ ಮಂಜೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ಬಂತು. ಗಾಡಿಯವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರೂ ನಮ್ಮ ಹಾಗೆ ದುಡಿಯುವವರೇ. ಆದರೆ ಮನೆಯಲ್ಲಿ ಮಾಡಿದರೆ ಏನು ಹಾಕಿದ್ದೇವೆ ಅಂತ ನಮಗೆ ಗೊತ್ತಿರುತ್ತದೆ. ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ಇದೆ. ಖಾರ ಕಡಿಮೆ, ಬಣ್ಣ ಚೆನ್ನಾಗಿ ಬಿಡುತ್ತದೆ.

ಸರಿ, ಈಗ ಕೋಳಿ ಮತ್ತು ಸೀಗಡಿಗೆ ಬರೋಣ.

ಐದು ಜನಕ್ಕೆ ಮೂಳೆ ಇಲ್ಲದ ಕೋಳಿ ಕಾಲು ಕಿಲೋ, ಬಿಡಿಸಿದ ಸೀಗಡಿ 200 ಗ್ರಾಂ ಸಾಕು. ಬೆಲೆ ನಾನು ಬರೆಯುವುದಿಲ್ಲ. ಈ ಪುಸ್ತಕ ಅಚ್ಚಾಗುವ ಹೊತ್ತಿಗೆ ಅದು ಬದಲಾಗಿರುತ್ತದೆ. ಸೀಗಡಿ ದುಬಾರಿ ಅನಿಸಿದರೆ ಒಣ ಸೀಗಡಿ ಒಂದು ಹಿಡಿ ತನ್ನಿ. ತಲೆ, ಕಾಲು ಉದುರಿಸಿ, ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆಯಿರಿ. ಅದೂ ಇಲ್ಲದಿದ್ದರೆ ಎರಡು ಮೊಟ್ಟೆ. ಕುರಿ ಮಾಂಸ ಈ ಅಡುಗೆಗೆ ಆಗಿಬರುವುದಿಲ್ಲ. ಬೇಯಲು ಹೊತ್ತು ಬೇಕು. ಬೇಕೇ ಬೇಕು ಅಂದರೆ ಕೈಮಾ ತನ್ನಿ. ಅದು ಬೇಗ ಬೇಯುತ್ತದೆ.

ಬೆಂಗಳೂರಿಗೆ ಕಡಲಿಲ್ಲ. ಮಂಗಳೂರು ಸುಮಾರು 350 ಕಿಲೋಮೀಟರ್ ದೂರ. ಚೆನ್ನೈಯೂ ಹೆಚ್ಚು ಕಡಿಮೆ ಅಷ್ಟೇ ದೂರ. ಸೀಗಡಿ ಐಸಿನಲ್ಲಿ ಕೂತು ಬರುತ್ತದೆ. ಆಂಧ್ರದ ಕೊಳಗಳಲ್ಲಿ ಸಾಕಿದ ಸೀಗಡಿಯೂ ಬರುತ್ತದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಕೊಂಡರೂ, ನಮ್ಮ ಬೀದಿಯ ಅಂಗಡಿಯಲ್ಲಿ ಕೊಂಡರೂ ನೋಡುವುದು ಒಂದೇ: ಐಸ್ ಇದೆಯಾ? ಸೀಗಡಿ ಗಟ್ಟಿ ಇದೆಯಾ? ತಲೆ ದೇಹಕ್ಕೆ ಬಿಗಿಯಾಗಿ ಕೂತಿದೆಯಾ? ಚಿಪ್ಪಿನ ಮೇಲೆ ಕಪ್ಪು ಕಲೆ ಇರಬಾರದು. ಮುಟ್ಟಿದರೆ ಲೋಳೆ ಲೋಳೆ ಇರಬಾರದು. ಮೂಗಿನ ಹತ್ತಿರ ಹಿಡಿಯಿರಿ. ಕಡಲಿನ ವಾಸನೆ ಇರಬಹುದು. ಮೂಗು ಸುಡುವ ವಾಸನೆ ಇದ್ದರೆ ಬೇಡ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಅಗ್ಗಕ್ಕೆ ಸಿಕ್ಕಿತು ಅಂತ ಅರ್ಧ ಕಿಲೋ ತಂದೆ. ವಾಸನೆ ಬಂತು. ಮಸಾಲೆ ಜಾಸ್ತಿ ಹಾಕಿದರೆ ಹೋಗುತ್ತದೆ ಅಂದುಕೊಂಡೆ. ವಾಸನೆ ಹೋಯಿತು, ವಿಷ ಹೋಗಲಿಲ್ಲ. ರಾತ್ರಿಯೆಲ್ಲ ಮನೆಯವರಿಗೆ ವಾಂತಿ, ಭೇದಿ. ಎರಡು ದಿನ ಶಾಲೆಗೆ ರಜೆ ಹಾಕಿದೆ. ಅಗ್ಗದ ಸೀಗಡಿಗಿಂತ ಆಟೋ ಮತ್ತು ಡಾಕ್ಟರ ಖರ್ಚು ಹೆಚ್ಚಾಯಿತು.

ಹಾಗಾಗಿ ಪೇಟೆಗೆ ಹೋದಾಗ ತರಕಾರಿ ಮೊದಲು, ಕೋಳಿ ಸೀಗಡಿ ಕೊನೆಗೆ. ತಂದ ದಿನವೇ ಮಾಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬೇಡಿ. ಬೇಸಿಗೆಯಲ್ಲಿ ಇನ್ನೂ ಬೇಗ ಒಲೆಗೆ ಹಾಕಿ.

ಇನ್ನೊಂದು ಮಾತು. ಕೆಲವರಿಗೆ ಸೀಗಡಿ ಆಗುವುದಿಲ್ಲ. ಮೈ ಕಡಿಯುತ್ತದೆ. ತುಟಿ ಊದುತ್ತದೆ. ಉಸಿರು ಕಟ್ಟುತ್ತದೆ. ಮಕ್ಕಳಿಗೆ ಮೊದಲ ಸಲ ಕೊಡುವಾಗ ಒಂದು ಚೂರು ಕೊಟ್ಟು ನೋಡಿ. ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಒಂದು ಶನಿವಾರ ಕೇಂದ್ರದಲ್ಲೇ ಅಡುಗೆ ಮಾಡಿದೆವು. ಒಬ್ಬರು ಒಲೆ ತಂದರು, ಒಬ್ಬರು ಬಾಣಲೆ ತಂದರು. ಗಡಿಯಾರ ನೋಡಿ ಹಲಗೆಯ ಮೇಲೆ ಬರೆದೆವು: 6:40, ಶುರು.

ಮೊದಲು ದೊಡ್ಡ ಪಾತ್ರೆಯಲ್ಲಿ ಎರಡೂವರೆ ಲೀಟರ್ ನೀರು ಕಾಯಲು ಇಟ್ಟೆವು. ನೀರು ಕಾಯುವಷ್ಟರಲ್ಲಿ ಹೆಚ್ಚುವ ಕೆಲಸ. ಎರಡು ಈರುಳ್ಳಿ, ಎರಡು ಕ್ಯಾರೆಟ್, ಒಂದು ಹಿಡಿ ಹುರುಳಿಕಾಯಿ, ಒಂದು ದಪ್ಪ ಮೆಣಸಿನಕಾಯಿ, ಕಾಲು ಭಾಗ ಕೋಸು. ಎಲ್ಲವನ್ನೂ ತೆಳ್ಳಗೆ, ಉದ್ದುದ್ದ ಹೆಚ್ಚಬೇಕು. ತೆಳ್ಳಗಿದ್ದರೆ ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ಎಂಟು ಎಸಳು ಬೆಳ್ಳುಳ್ಳಿ, ಒಂದು ತುಂಡು ಶುಂಠಿ ಜಜ್ಜಿ ಇಟ್ಟೆವು. ನೆನೆಸಿದ ನಾಲ್ಕು ಬ್ಯಾಡಗಿ ಮೆಣಸಿನಕಾಯಿಯನ್ನು ಅಜ್ಜಿ ಅರೆದುಕೊಟ್ಟರು.

ತರಕಾರಿ ಮುಗಿದ ಮೇಲೆಯೇ ಕೋಳಿ ಹೆಚ್ಚಿ. ಹಸಿ ಕೋಳಿಯಲ್ಲಿ ಕಣ್ಣಿಗೆ ಕಾಣದ ರೋಗಾಣು ಇರುತ್ತವೆ. ಅದೇ ಚಾಕುವಿನಲ್ಲಿ ತರಕಾರಿ ಹೆಚ್ಚಬಾರದು. ಜೋರು ನಲ್ಲಿಯ ಕೆಳಗೆ ಕೋಳಿ ತೊಳೆಯಬೇಡಿ. ನೀರು ಸಿಡಿದು ಸುತ್ತಲಿನ ಪಾತ್ರೆಗೆಲ್ಲ ತಾಗುತ್ತದೆ. ತೊಳೆಯಲೇಬೇಕು ಅಂದರೆ ಪಾತ್ರೆಯಲ್ಲಿ ನಿಧಾನವಾಗಿ ತೊಳೆದು, ಆಮೇಲೆ ಆ ಜಾಗವನ್ನೂ ಕೈಯನ್ನೂ ಸೋಪಿನಲ್ಲಿ ತೊಳೆಯಿರಿ. ಕೋಳಿಯನ್ನು ಬೆರಳಿನಷ್ಟು ತೆಳ್ಳಗೆ ಹೆಚ್ಚಿ, ಅರ್ಧ ಚಮಚ ಮೆಣಸಿನ ಪುಡಿ, ಒಂದು ಚಮಚ ಸೋಯಾ ಸಾಸ್, ಒಂದು ಚಮಚ ಕಾರ್ನ್‌ಫ್ಲೋರ್ ಕಲಸಿ ಇಟ್ಟೆವು. ಆ ಹಿಟ್ಟು ಕೋಳಿಗೆ ಅಂಗಿ ತೊಡಿಸಿದ ಹಾಗೆ. ಒಳಗಿನ ರಸ ಆರುವುದಿಲ್ಲ, ತುಂಡು ಮೆತ್ತಗಿರುತ್ತದೆ.

ಸೀಗಡಿ ಬಿಡಿಸುವುದನ್ನು ಬಸವನಗುಡಿಯ ಅಕ್ಕ ವಹಿಸಿಕೊಂಡರು. ಬೆನ್ನು ಸೀಳಿ ಕಪ್ಪು ನರ ತೆಗೆದರು. ಅದು ಸೀಗಡಿಯ ಕರುಳು, ಒಳಗೆ ಮಣ್ಣು ಇರುತ್ತದೆ. ಸಿಪ್ಪೆಯನ್ನು ಕಾಗದದಲ್ಲಿ ಗಟ್ಟಿಯಾಗಿ ಸುತ್ತಿದರು. ಎಷ್ಟು ಬೇಗ ಸುತ್ತಿದರು ಅಂದರೆ ನನಗೆ ಆಶ್ಚರ್ಯವಾಯಿತು.

"ಅಭ್ಯಾಸ ಟೀಚರೇ" ಅಂದರು. "ನಮ್ಮ ಮನೆ ಓನರು ವೆಜ್ಜು. ವಾಸನೆ ಬಂದ್ರೆ ಖಾಲಿ ಮಾಡಿ ಅಂತಾರೆ. ಕಿಟಕಿ ಹಾಕ್ಕೊಂಡು ಮಾಡ್ತೀನಿ. ಸಿಪ್ಪೆ ರಾತ್ರಿ ಮನೇಲಿ ಇಡಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಸವನಗುಡಿ, ಮಲ್ಲೇಶ್ವರಂ ಕಡೆ ಬಾಡಿಗೆ ಮನೆ ಹುಡುಕಿದವರಿಗೆ ಆ ಮಾತು ಗೊತ್ತು. ಎಷ್ಟು ಜನ ಇದ್ದೀರಿ ಅಂತ ಕೇಳುವ ಮೊದಲೇ ಏನು ತಿನ್ನುತ್ತೀರಿ ಅಂತ ಕೇಳುತ್ತಾರೆ. ಆ ಅಕ್ಕನಿಗೆ ನಾನು ಹೇಳಲು ಸಾಧ್ಯವಾದದ್ದು ಇಷ್ಟೇ: ಕಿಟಕಿ ಹಾಕಿ ಗ್ಯಾಸ್ ಉರಿಸಬೇಡಿ, ಉಸಿರಿಗೆ ಕೆಟ್ಟದ್ದು. ಸೀಗಡಿಗೆ ನಿಂಬೆರಸ, ಅರಿಶಿನ ಸವರಿ ಐದು ನಿಮಿಷ ಬಿಟ್ಟು ತೊಳೆದರೆ ವಾಸನೆ ಅರ್ಧ ಹೋಗುತ್ತದೆ. ಈ ಅಡುಗೆಯಲ್ಲಿ ಸೀಗಡಿ ಒಲೆಯ ಮೇಲೆ ಇರುವುದೇ ಮೂರು ನಿಮಿಷ.

ನೀರು ಕುದಿಯಿತು. ಒಂದು ಚಮಚ ಎಣ್ಣೆ, ಸ್ವಲ್ಪ ಉಪ್ಪು, 300 ಗ್ರಾಂ ನೂಡಲ್ಸ್ ಹಾಕಿದೆವು. ಪೂರ್ತಿ ಬೇಯಿಸಬಾರದು. ಒಂದು ಎಳೆ ಮುರಿದು ನೋಡಿ. ನಡುವೆ ಚೂರೇ ಚೂರು ಗಟ್ಟಿ ಇರುವಾಗಲೇ ಬಸಿಯಬೇಕು. ಕೂಡಲೇ ಮೇಲೆ ತಣ್ಣೀರು ಸುರಿಯಬೇಕು. ಯಾಕೆ? ಒಲೆಯಿಂದ ಇಳಿಸಿದರೂ ಒಳಗಿನ ಬಿಸಿಯಲ್ಲಿ ಅದು ಬೇಯುತ್ತಲೇ ಇರುತ್ತದೆ. ತಣ್ಣೀರು ಅದನ್ನು ನಿಲ್ಲಿಸುತ್ತದೆ. ಮೇಲಿನ ಗಂಜಿಯೂ ತೊಳೆದು ಹೋಗುತ್ತದೆ, ಎಳೆ ಎಳೆ ಬಿಡಿಯಾಗುತ್ತದೆ. ನನ್ನ ಮೊದಲ ನೂಡಲ್ಸ್ ಮುದ್ದೆ ಆಗಿತ್ತು. ಸಾರು ಹಾಕಿಕೊಂಡು ತಿಂದೆವು.

ಈಗ ಬಾಣಲೆ. ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಲಿ. ಮೊದಲು ಸೀಗಡಿ. ಬೂದು ಬಣ್ಣದ ಸೀಗಡಿ ನೋಡನೋಡುತ್ತಲೇ ಕೆಂಪಾಗುತ್ತದೆ. ಈ ಕೆಂಪು ಹೊರಗಿನಿಂದ ಹಾಕಿದ್ದಲ್ಲ. ಸೀಗಡಿಯ ಮೈಯಲ್ಲೇ ಅಡಗಿರುತ್ತದೆ, ಬಿಸಿ ತಾಗಿದಾಗ ಹೊರಗೆ ಬರುತ್ತದೆ. ಮೈ ಬಿಳಿಯಾಗಿ, ಬಾಲ ಒಳಗೆ ಬಾಗಿದರೆ ಬೆಂದಿತು. ತೆಗೆದುಬಿಡಿ. ಇನ್ನೂ ಬಿಟ್ಟರೆ ರಬ್ಬರ್ ಆಗುತ್ತದೆ. ಅದೇ ಎಣ್ಣೆಗೆ ಕೋಳಿ. ಇದಕ್ಕೆ ಅವಸರ ಬೇಡ. ಐದಾರು ನಿಮಿಷ. ದಪ್ಪ ತುಂಡು ಒಂದನ್ನು ಕತ್ತರಿಸಿ ನೋಡಿ. ಒಳಗೆ ಗುಲಾಬಿ ಬಣ್ಣ ಇರಬಾರದು. ಬೆಂದ ಮೇಲೆ ಅದನ್ನೂ ತೆಗೆದಿಡಿ.

ಮತ್ತೆರಡು ಚಮಚ ಎಣ್ಣೆ. ಬೆಳ್ಳುಳ್ಳಿ, ಶುಂಠಿ, ಅರೆದ ಮೆಣಸಿನಕಾಯಿ ಹಾಕಿ ಹಸಿ ವಾಸನೆ ಹೋಗಲಿ. ಈರುಳ್ಳಿ ಹಾಕಿ. ಆಮೇಲೆ ಕ್ಯಾರೆಟ್, ಹುರುಳಿಕಾಯಿ. ಎರಡು ನಿಮಿಷ ಬಿಟ್ಟು ಕೋಸು, ದಪ್ಪ ಮೆಣಸಿನಕಾಯಿ. ಉರಿ ಜೋರಾಗಿರಲಿ.

ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಐದು ಜನದ ನೂಡಲ್ಸನ್ನು ಒಂದೇ ಸಲ ಬಾಣಲೆಗೆ ಸುರಿಯುತ್ತಾರೆ. ಗಾಡಿಯವರ ಒಲೆ ಭುಗಿಲು ಅಂತ ಉರಿಯುತ್ತದೆ, ನಮ್ಮ ಮನೆಯ ಒಲೆ ಅಷ್ಟು ಉರಿಯುವುದಿಲ್ಲ. ಬಾಣಲೆ ತುಂಬಿದರೆ ಬಿಸಿ ಇಳಿದುಹೋಗುತ್ತದೆ. ತರಕಾರಿ ನೀರು ಬಿಡುತ್ತದೆ. ಹುರಿಯುವ ಬದಲು ಬೇಯುತ್ತದೆ. ಆದ್ದರಿಂದ ಅರ್ಧ ತರಕಾರಿ ತೆಗೆದಿಡಿ. ಅರ್ಧ ನೂಡಲ್ಸ್, ಅರ್ಧ ಕೋಳಿ, ಅರ್ಧ ಸೀಗಡಿ ಹಾಕಿ ಎರಡು ನಿಮಿಷ ಎತ್ತಿ ಎತ್ತಿ ಹುರಿಯಿರಿ. ಅಂಚಿನಲ್ಲಿ ಒಂದು ಚಮಚ ಸೋಯಾ ಸಾಸ್, ಅರ್ಧ ಚಮಚ ವಿನೆಗರ್ ಬಿಡಿ. ವಿನೆಗರ್ ಇಲ್ಲದಿದ್ದರೆ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಆಮೇಲೆ ಉಳಿದ ಅರ್ಧವನ್ನೂ ಹೀಗೇ ಹುರಿಯಿರಿ.

ಉಪ್ಪು ಕೊನೆಗೆ, ರುಚಿ ನೋಡಿ ಹಾಕಿ. ಸೋಯಾ ಸಾಸ್ ಅಂದರೆ ಸೋಯಾ ಕಾಳು, ಗೋಧಿ, ಉಪ್ಪು ಸೇರಿಸಿ ಹುಳಿ ಬರಿಸಿದ್ದು. ಅದರಲ್ಲೇ ಬೇಕಾದಷ್ಟು ಉಪ್ಪಿದೆ. ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಟೀ ಚಮಚದಷ್ಟು. ಬಿಪಿ ಇರುವವರು ಇದನ್ನು ನೆನಪಿಡಿ. ಅಜಿನೊಮೊಟೊ ಬೇಕಾ ಅಂತ ಕೇಳಿದರು. ವಿಷ ಅಂತಲ್ಲ, ಆದರೆ ಬೇಕಿಲ್ಲ. ಕೋಳಿ, ಸೀಗಡಿ, ಸೋಯಾ ಸಾಸ್ ಮೂರರಲ್ಲೂ ಆ ರುಚಿ ತಾನಾಗಿಯೇ ಇದೆ.

ಕೆಳಗಿಳಿಸಿದಾಗ ಗಡಿಯಾರ 7:15 ತೋರಿಸುತ್ತಿತ್ತು. ಮೂವತ್ತೈದು ನಿಮಿಷ. ಮೇಲಿನ ಐದು ನಿಮಿಷ ಓನರ್ ಮಾತಿಗೆ ಹೋಯಿತು ಅಂತ ಅಜ್ಜಿ ಲೆಕ್ಕ ಹೇಳಿದರು.

ಉಳಿಸಿ ಮರುದಿನ ಬೆಳಿಗ್ಗೆ ಮಕ್ಕಳ ಡಬ್ಬಿಗೆ ಹಾಕಬೇಡಿ. ಫ್ರಿಜ್‌ನಲ್ಲಿ ಇಟ್ಟಿದ್ದರೆ ಆವಿ ಬರುವಷ್ಟು ಬಿಸಿ ಮಾಡಿ ಮನೆಯಲ್ಲೇ ತಿನ್ನಿ. ಹೊರಗೆ ಉಳಿದಿದ್ದರೆ ಚೆಲ್ಲಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಚೆಲ್ಲಿ.

ಬಸವನಗುಡಿಯ ಅಕ್ಕ ತಮ್ಮ ಪಾಲನ್ನು ತಿನ್ನಲಿಲ್ಲ. ಡಬ್ಬಿಗೆ ಹಾಕಿಕೊಂಡರು. ಎಲ್ಲರೂ ಒಂದೊಂದು ಚಮಚ ಸೇರಿಸಿದೆವು, ಡಬ್ಬಿ ತುಂಬಿತು. ಸೋಮವಾರ ಬಂದಾಗ ಮೊದಲು ಕೇಳಿದ್ದು ಅದನ್ನೇ.

"ಮಗಳು ಏನಂದಳು?"

"ಗಾಡಿಯದಷ್ಟು ಕೆಂಪಿಲ್ಲ ಅಮ್ಮಾ ಅಂದ್ಲು" ಅಂದರು. "ಆಮೇಲೆ ಡಬ್ಬಿ ನೆಕ್ಕಿದ್ಲು."

ಅಜ್ಜಿ ಮುಂದಿನ ಶನಿವಾರಕ್ಕೆ ಮನೆಯಿಂದ ಶಾವಿಗೆ ಒರಳು ತರುತ್ತೇನೆ ಅಂದಿದ್ದಾರೆ. ಒತ್ತಲು ಗಟ್ಟಿ ತೋಳಿನವರು ಇಬ್ಬರು ಬೇಕಂತೆ.